ಐವತ್ತು ವರ್ಷ, ಒಂದೇ ಕೈ

ಸ್ನೂಪಿ ಗೊತ್ತಿಲ್ಲದವರು ಕಡಿಮೆ. ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರುತ್ತೆ. ಮಕ್ಕಳ ಟೀ ಶರ್ಟು, ಪೆನ್ಸಿಲ್ ಬಾಕ್ಸು, ಕಾಫಿ ಮಗ್ಗು, ಎಲ್ಲಿ ನೋಡಿದರೂ ಕಾಣುವ ಬಿಳಿ ಮೈ, ಕಪ್ಪು ಕಿವಿಯ ನಾಯಿ. ತನ್ನ ಗೂಡಿನ ಒಳಗೆ ಮಲಗೋದು ಬಿಟ್ಟು ಅದರ ಮಾಡಿನ ಮೇಲೆ ಅಂಗಾತ ಮಲಗಿರುತ್ತೆ. ಇದನ್ನು ಬರೆದವರು ಯಾರು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಡಿಸ್ನಿಯವರದ್ದಲ್ವಾ ಅನ್ನುವವರೂ ಇದ್ದಾರೆ.

ಡಿಸ್ನಿಗೂ ಇದಕ್ಕೂ ಸಂಬಂಧ ಇಲ್ಲ. ಸ್ನೂಪಿ ಹುಟ್ಟಿದ್ದು ದಿನಪತ್ರಿಕೆಯ ಕಾಮಿಕ್ ಸ್ಟ್ರಿಪ್ ಒಂದರಲ್ಲಿ. ಅದರ ಹೆಸರು ‘ಪೀನಟ್ಸ್’. ಬರೆದವರು ಚಾರ್ಲ್ಸ್ ಶುಲ್ಜ್. 1950ರ ಅಕ್ಟೋಬರ್ 2ರಂದು ಅಮೆರಿಕದ ಏಳು ಪತ್ರಿಕೆಗಳಲ್ಲಿ ಶುರುವಾಗಿದ್ದು 2000ದ ಫೆಬ್ರವರಿ 13ರಂದು ಮುಗಿಯಿತು. ಒಟ್ಟು 17,897 ಸ್ಟ್ರಿಪ್‌ಗಳು. ಕೊನೆಕೊನೆಗೆ 75 ದೇಶಗಳ 2,600 ಪತ್ರಿಕೆಗಳಲ್ಲಿ ಬರುತ್ತಿತ್ತು.

ಈ ಸಂಖ್ಯೆಗಳಿಗಿಂತ ನನಗೆ ದೊಡ್ಡದು ಅನ್ನಿಸೋದು ಇನ್ನೊಂದು ವಿಷಯ. ಆ 17,897ರಲ್ಲಿ ಪ್ರತಿಯೊಂದರ ಐಡಿಯಾ ಅವರದ್ದು, ಚಿತ್ರ ಅವರದ್ದು, ಮಾತಿನ ಗುಳ್ಳೆಯೊಳಗಿನ ಅಕ್ಷರ ಕೂಡ ಅವರ ಕೈಯದ್ದೇ. ಶಾಯಿ ತುಂಬೋಕೆ, ಅಕ್ಷರ ಬರೆಯೋಕೆ ಅಂತ ಸಹಾಯಕರನ್ನು ಇಟ್ಟುಕೊಳ್ಳುವುದು ಆ ವೃತ್ತಿಯಲ್ಲಿ ಮಾಮೂಲು. ಶುಲ್ಜ್ ಸ್ಟ್ರಿಪ್‌ಗೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ತಮ್ಮ ನಂತರವೂ ಬೇರೆ ಯಾರೂ ಅದನ್ನು ಮುಂದುವರಿಸಬಾರದು ಅಂತ ಪಕ್ಕಾ ಮಾಡಿಟ್ಟು ಹೋದರು. ಇಷ್ಟು ಹಠ ಯಾಕೆ? ಈ ಸಲದ ಅಂಕಣ ಅದರ ಬಗ್ಗೆ.

ನಮ್ಮ ಕನ್ನಡ ಪತ್ರಿಕೆಗಳಲ್ಲಿ ನಮಗೆ ಹೆಚ್ಚು ಪರಿಚಯ ಇರೋದು ಮುಖಪುಟದ ಪುಟ್ಟ ಚೌಕದ ಕಾರ್ಟೂನು. ಅದು ಆವತ್ತಿನ ಸುದ್ದಿಗೆ ಅಂಟಿಕೊಂಡಿರುತ್ತೆ. ಸ್ಟ್ರಿಪ್‌ನ ದಾರಿ ಬೇರೆ. ಮೂರ್ನಾಲ್ಕು ಚೌಕ, ಅವೇ ಪಾತ್ರಗಳು, ದಿನಾ ಒಂದು ಸಣ್ಣ ಪ್ರಸಂಗ. ಅಮೆರಿಕದಲ್ಲಿ ಇದನ್ನು ಮಾರುವುದು ಸಿಂಡಿಕೇಟ್ ಅನ್ನುವ ಸಂಸ್ಥೆಗಳು. ಚಿತ್ರಕಾರ ಸಿಂಡಿಕೇಟ್‌ಗೆ ಕೊಡ್ತಾನೆ, ಅವರು ಊರೂರಿನ ಪತ್ರಿಕೆಗಳಿಗೆ ಮಾರುತ್ತಾರೆ, ಪ್ರತಿ ಪತ್ರಿಕೆಯೂ ಇಷ್ಟು ಅಂತ ದುಡ್ಡು ಕಟ್ಟುತ್ತೆ. ಅಚ್ಚಿನ ಅನುಕೂಲಕ್ಕೆ ವಾರಗಟ್ಟಲೆ ಮುಂಚೆಯೇ ಕಂತುಗಳು ತಲುಪಬೇಕು. ಜ್ವರ ಬಂತು, ಮನೆಯಲ್ಲಿ ಮದುವೆ ಇದೆ ಅಂತ ನೆಪ ಹೇಳುವ ಹಾಗಿಲ್ಲ. ನಾಳೆಯ ಪುಟದಲ್ಲಿ ಆ ಜಾಗ ಖಾಲಿ ಬಿಡೋಕೆ ಆಗಲ್ಲ.

ಈ ಕೆಲಸವೇ ಬೇಕು ಅಂತ ಶುಲ್ಜ್ ಚಿಕ್ಕಂದಿನಲ್ಲೇ ನಿರ್ಧಾರ ಮಾಡಿಕೊಂಡಿದ್ದರು. ಹುಟ್ಟಿದ್ದು 1922ರ ನವೆಂಬರ್ 26ರಂದು, ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಬೆಳೆದದ್ದು ಪಕ್ಕದ ಸೇಂಟ್ ಪಾಲ್ ನಗರದಲ್ಲಿ. ಅಪ್ಪ ಕಾರ್ಲ್ ಜರ್ಮನಿಯಲ್ಲಿ ಹುಟ್ಟಿ ಬಂದವರು, ಕಟಿಂಗ್ ಶಾಪ್ ಇಟ್ಟಿದ್ದರು. ಮಗು ಹುಟ್ಟಿ ಕೆಲವೇ ದಿನಕ್ಕೆ ಮಾವನೊಬ್ಬ ‘ಸ್ಪಾರ್ಕಿ’ ಅಂತ ಅಡ್ಡಹೆಸರಿಟ್ಟ. ಆಗ ಜನಪ್ರಿಯವಾಗಿದ್ದ ಒಂದು ಕಾಮಿಕ್‌ನಲ್ಲಿ ಸ್ಪಾರ್ಕ್ ಪ್ಲಗ್ ಅನ್ನುವ ಕುದುರೆ ಇತ್ತು, ಅದರಿಂದ ಬಂದ ಹೆಸರು. ಹತ್ತಿರದವರೆಲ್ಲ ಕೊನೆಯವರೆಗೂ ಹಾಗೇ ಕರೆದರು. ತೊಟ್ಟಿಲಲ್ಲೇ ಕಾಮಿಕ್ ಅಂಟಿಕೊಂಡಿತ್ತು ಅನ್ನಿ.

ಅಪ್ಪ ಮಗ ಇಬ್ಬರೂ ಭಾನುವಾರದ ಪತ್ರಿಕೆಗಳ ಕಾಮಿಕ್ ಪುಟಗಳನ್ನು ತಪ್ಪದೆ ಓದುತ್ತಿದ್ದರು. ಮನೆಯಲ್ಲಿ ಸ್ಪೈಕ್ ಅನ್ನುವ ನಾಯಿ ಇತ್ತು. ಸಿಕ್ಕಿದ್ದನ್ನೆಲ್ಲ ತಿನ್ನುವ ನಾಯಿ, ಗುಂಡುಸೂಜಿ, ಬ್ಲೇಡನ್ನೂ ಬಿಡುತ್ತಿರಲಿಲ್ಲವಂತೆ. ಅದರ ಚಿತ್ರ ಬಿಡಿಸಿ ‘ರಿಪ್ಲೀಸ್ ಬಿಲೀವ್ ಇಟ್ ಆರ್ ನಾಟ್’ಗೆ ಕಳಿಸಿದರು. 1937ರಲ್ಲಿ ಅದು ಅಚ್ಚಾಯಿತು. ಅಚ್ಚಿನಲ್ಲಿ ಬಂದ ಅವರ ಮೊದಲ ಚಿತ್ರ ಅದು. ಸ್ನೂಪಿಯ ಮೂಲ ಪುರುಷನೂ ಆ ಸ್ಪೈಕೇ. ಆದರೆ ಅದೇ ಹುಡುಗ ಹೈಸ್ಕೂಲಿನ ವಾರ್ಷಿಕ ಸಂಚಿಕೆಗೆ ಕೊಟ್ಟ ಚಿತ್ರಗಳನ್ನು ಸಂಚಿಕೆಯಲ್ಲಿ ಹಾಕಲೇ ಇಲ್ಲ. ಐವತ್ತು ವರ್ಷ ಕಳೆದ ಮೇಲೂ ಆ ನೋವು ಅವರಿಗೆ ಹಸಿಯಾಗಿಯೇ ಇತ್ತು, ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಆಮೇಲೆ ಅಂಚೆ ಮೂಲಕ ಚಿತ್ರ ಕಲಿಸುವ ಕೋರ್ಸ್ ಸೇರಿದರು. ಅಪ್ಪ ಕಂತು ಕಂತಾಗಿ ಫೀಸು ಕಟ್ಟಿದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ, ಸೇನೆಗೆ ಕರೆ. 1943ರಲ್ಲಿ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಣ್ಣೀರು ಆರುವ ಮೊದಲೇ ಹುಡುಗ ತರಬೇತಿ ಶಿಬಿರಕ್ಕೆ ಹೊರಡಬೇಕಾಯಿತು. ಯುರೋಪಿನ ಯುದ್ಧಭೂಮಿ ನೋಡಿ ವಾಪಸ್ ಬಂದವರು, ತಾವು ಕಲಿತ ಅದೇ ಅಂಚೆ ಶಾಲೆಯಲ್ಲಿ ಬೇರೆಯವರ ಚಿತ್ರ ತಿದ್ದುವ ಕೆಲಸಕ್ಕೆ ಸೇರಿದರು. 1947ರಿಂದ ಊರಿನ ಪತ್ರಿಕೆಯಲ್ಲಿ ‘ಲಿಲ್ ಫೋಕ್ಸ್’ ಅನ್ನುವ ವಾರದ ಕಾರ್ಟೂನ್ ಶುರುವಾಯಿತು. ಇನ್ನೂ ಒಳ್ಳೆ ಜಾಗ ಕೊಡಿ ಅಂತ ಕೇಳಿದ್ದಕ್ಕೆ ಆಗಲ್ಲ ಅಂದರು. ಬಿಟ್ಟರು.

1950 ಅವರ ಬದುಕಿನಲ್ಲಿ ಸಿಹಿ ಕಹಿ ಎರಡನ್ನೂ ಒಟ್ಟಿಗೇ ತಂದಿಟ್ಟ ವರ್ಷ. ಯುನೈಟೆಡ್ ಫೀಚರ್ ಸಿಂಡಿಕೇಟ್ ಅವರ ಸ್ಟ್ರಿಪ್ ತೆಗೆದುಕೊಂಡಿತು. ಆದರೆ ಹೆಸರು ಬದಲಾಯಿಸಿ ‘ಪೀನಟ್ಸ್’ ಅಂತ ಇಟ್ಟಿತು. ಕಡಲೇಕಾಯಿ! ಆ ಹೆಸರಿನಲ್ಲಿ ಒಂದು ಘನತೆಯೇ ಇಲ್ಲ ಅಂತ ಅವರಿಗೆ ಜೀವನಪರ್ಯಂತ ಬೇಸರ. ಎಲ್ಲಿ ಬೇಕಾದರೂ ತುರುಕಬಹುದಾದ ಸ್ಟ್ರಿಪ್ ಅಂತಲೇ ಸಿಂಡಿಕೇಟ್ ಅದನ್ನು ಮಾರಿದ್ದು. ನಾಲ್ಕೂ ಚೌಕ ಒಂದೇ ಅಳತೆ. ಪತ್ರಿಕೆಯವರು ಅಡ್ಡ ಸಾಲಾಗಿ ಹಾಕಬಹುದು, ಒಂದರ ಕೆಳಗೊಂದು ಹಾಕಬಹುದು, ಎರಡರ ಮೇಲೆ ಎರಡು ಹಾಕಬಹುದು. ಇನ್ನು ಕಹಿ ಏನಂದರೆ, ಅದೇ ಶಾಲೆಯ ಲೆಕ್ಕಪತ್ರ ವಿಭಾಗದಲ್ಲಿದ್ದ ಕೆಂಚುಗೂದಲಿನ ಹುಡುಗಿಯನ್ನು ಮದುವೆಯಾಗ್ತೀಯಾ ಅಂತ ಕೇಳಿದರು. ಆಕೆ ಒಲ್ಲೆ ಎಂದು ಬೇರೊಬ್ಬರನ್ನು ಮದುವೆಯಾದರು.

ಪೀನಟ್ಸ್ ಓದಿದವರಿಗೆ ಇದರ ಗುಟ್ಟು ಈಗಾಗಲೇ ಗೊತ್ತಾಗಿರುತ್ತೆ. ಸ್ಟ್ರಿಪ್‌ನ ನಾಯಕ ಚಾರ್ಲಿ ಬ್ರೌನ್. ಗುಂಡು ತಲೆ, ಅಂಗಿಯ ಮೇಲೆ ಅಂಕುಡೊಂಕು ಪಟ್ಟಿ. ಅವನಪ್ಪನೂ ಕಟಿಂಗ್ ಶಾಪ್‌ನವರೇ. ಅವನು ಗಾಳಿಪಟ ಹಾರಿಸಿದರೆ ಮರ ಅದನ್ನು ತಿಂದು ಬಿಡುತ್ತೆ. ಅವನ ಬೇಸ್‌ಬಾಲ್ ತಂಡ ಸೋಲುತ್ತೆ. ಪ್ರೇಮಿಗಳ ದಿನಕ್ಕೆ ಅಂಚೆ ಡಬ್ಬಿ ಖಾಲಿ. ತರಗತಿಯಲ್ಲಿ ಒಬ್ಬಳು ಕೆಂಚುಗೂದಲಿನ ಹುಡುಗಿ ಇದ್ದಾಳೆ, ಅವಳನ್ನು ಮಾತಾಡಿಸೋಕೆ ಧೈರ್ಯ ಬರಲ್ಲ. 1961ರಲ್ಲಿ ಮೊದಲ ಸಲ ಅವಳ ಪ್ರಸ್ತಾಪ ಬರುತ್ತೆ. ಆಮೇಲೆ ಮೂವತ್ತೆಂಟು ವರ್ಷ ಸ್ಟ್ರಿಪ್ ನಡೆದರೂ ಶುಲ್ಜ್ ಅವಳ ಮುಖ ತೋರಿಸಲೇ ಇಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಫುಟ್‌ಬಾಲ್ ಪ್ರಸಂಗ. ಲೂಸಿ ಅನ್ನುವ ಜಗಳಗಂಟಿ ಹುಡುಗಿ ಚೆಂಡನ್ನು ನೆಲಕ್ಕೆ ಹಿಡಿದು ಕೂರ್ತಾಳೆ. ಚಾರ್ಲಿ ಬ್ರೌನ್ ಓಡಿ ಬಂದು ಒದೆಯಬೇಕು. ಕೊನೇ ಕ್ಷಣಕ್ಕೆ ಆಕೆ ಚೆಂಡು ಎಳೆದುಕೊಳ್ಳುತ್ತಾಳೆ, ಇವನು ಗಾಳಿಯಲ್ಲಿ ಹಾರಿ ಧೊಪ್ಪನೆ ಬೆನ್ನ ಮೇಲೆ ಬೀಳ್ತಾನೆ. ಮುಂದಿನ ವರ್ಷ ಮತ್ತೆ ಅದೇ. ಲೂಸಿ ಹೊಸದೊಂದು ಕಾರಣ ಹೇಳಿ ನಂಬಿಸುತ್ತಾಳೆ, ಇವನು ಮತ್ತೆ ನಂಬುತ್ತಾನೆ. 1952ರಿಂದ 1999ರವರೆಗೆ ಹೆಚ್ಚುಕಡಿಮೆ ಪ್ರತಿ ವರ್ಷ ಇದು ನಡೆಯಿತು. ಒಂದೇ ಜೋಕನ್ನು ಅರ್ಧ ಶತಮಾನ ಹೇಳೋದು ಅಂದರೆ ಸುಮ್ನೆ ಮಾತಲ್ಲ. ಪ್ರತಿ ಸಲವೂ ಓದುಗರಿಗೆ ‘ಈ ಸಲ ಒದ್ದೇ ಬಿಡ್ತಾನೇನೋ’ ಅನ್ನಿಸಬೇಕು.

ಗೆದ್ದವರ ಕಥೆಯಲ್ಲಿ ನಗೋಕೆ ಏನೂ ಇರಲ್ಲ, ನಗು ಇರೋದು ಸೋಲಿನಲ್ಲೇ ಅನ್ನುವುದು ಶುಲ್ಜ್ ಅವರ ನಂಬಿಕೆಯಾಗಿತ್ತು. ಆದರೆ ಗಮನಿಸಿ, ಅವರು ಸೋತವನನ್ನು ಆಡಿಕೊಂಡು ನಗಿಸಲಿಲ್ಲ. ಬಿದ್ದವನು ಮಾರನೇ ದಿನ ಎದ್ದು ಬರುತ್ತಿದ್ದ. 1993ರಲ್ಲಿ ಒಂದು ದಿನ ಚಾರ್ಲಿ ಬ್ರೌನ್ ಹೋಮ್ ರನ್ ಹೊಡೆದು ತಂಡವನ್ನು ಗೆಲ್ಲಿಸಿಯೇ ಬಿಟ್ಟ. ನಲವತ್ತು ಚಿಲ್ಲರೆ ವರ್ಷ ಕಾದ ಓದುಗರಿಗೆ ಅದು ಹಬ್ಬ.

ಹಾಗಾದರೆ ಇವರ ದಿನಚರಿ ಹೇಗಿತ್ತು? ತುಂಬಾ ಮಾಮೂಲು. 1958ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಮುಂದೆ ಸಾಂಟಾ ರೋಸಾದಲ್ಲಿ ನೆಲೆ ನಿಂತರು. ಹಿಮದ ನಾಡಿನ ಹುಡುಗನಾದ್ದರಿಂದ ಸ್ಕೇಟಿಂಗ್ ಅಂದರೆ ಪ್ರಾಣ. 1969ರಲ್ಲಿ ಆ ಊರಿನಲ್ಲಿ ಅವರ ಕುಟುಂಬವೇ ಒಂದು ಐಸ್ ರಿಂಕ್ ಕಟ್ಟಿಸಿತು. ಅಲ್ಲಿನ ಕೆಫೆಯಲ್ಲಿ ಬೆಳಗಿನ ತಿಂಡಿ, ದಿನಾ ಅದೇ ಮೇಜು. ಅಲ್ಲಿಂದ ಹತ್ತಿರದಲ್ಲೇ ಇದ್ದ ಸ್ಟುಡಿಯೋಗೆ. ಹಳದಿ ಹಾಳೆಯ ಪ್ಯಾಡ್ ಮೇಲೆ ಗೀಚುತ್ತಾ ಕೂರೋದು. ಐಡಿಯಾ ಬಂದರೆ ಸರಿ, ಬರದಿದ್ದರೂ ಏಳುವ ಹಾಗಿಲ್ಲ. ಆಮೇಲೆ ದಪ್ಪ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಹಗುರವಾಗಿ ಗುರುತು ಹಾಕಿ, ನೇರ ಶಾಯಿಯಲ್ಲಿ ಬರೆಯುತ್ತಿದ್ದರು. ಅವರಿಗೆ ಒಗ್ಗಿದ್ದು ಎಸ್ಟರ್‌ಬ್ರೂಕ್ ಕಂಪನಿಯ ಒಂದು ನಿಬ್ಬು. ಕಂಪನಿ ಬಾಗಿಲು ಹಾಕುತ್ತಿದೆ ಅಂತ ಗೊತ್ತಾದಾಗ ಉಳಿದಿದ್ದ ಆ ನಿಬ್ಬುಗಳನ್ನೆಲ್ಲ ಕೊಂಡಿಟ್ಟುಕೊಂಡರು. ಮುಂದಿನ ದಶಕಗಳಿಗೆಲ್ಲ ಅದೇ ದಾಸ್ತಾನು. ಇಡೀ ಐವತ್ತು ವರ್ಷದಲ್ಲಿ ಸ್ಟ್ರಿಪ್‌ಗೆ ಬಿಡುವು ಕೊಟ್ಟಿದ್ದು ಒಂದೇ ಸಲ. 1997ರಲ್ಲಿ, ಎಪ್ಪತ್ತೈದು ತುಂಬಿದಾಗ, ಐದು ವಾರ.

ಇದಕ್ಕೆಲ್ಲ ಬೆಲೆ ತೆರಲಿಲ್ವಾ ಅಂತ ನೀವು ಕೇಳಬಹುದು. ತೆತ್ತರು. ಪ್ರಯಾಣ ಅಂದರೆ ಅವರಿಗೆ ಹೆದರಿಕೆ, ಮನಸ್ಸಿಗೆ ಯಾವಾಗಲೂ ಏನೋ ಒಂದು ದಿಗಿಲು, ಮಂಕು. ಕೋಟಿಗಟ್ಟಲೆ ಜನ ಇಷ್ಟಪಟ್ಟರೂ ತನ್ನನ್ನು ಯಾರೂ ಇಷ್ಟಪಡಲ್ಲ ಅನ್ನುವ ಅನುಮಾನ. ಇಪ್ಪತ್ತೊಂದು ವರ್ಷದ ಮೊದಲ ಮದುವೆ 1972ರಲ್ಲಿ ಮುರಿಯಿತು. ಇನ್ನೊಂದು ಕಡೆ ದುಡ್ಡು ಹರಿದು ಬಂತು. ಗೊಂಬೆ, ಗ್ರೀಟಿಂಗ್ ಕಾರ್ಡು, ಕಾರಿನ ಜಾಹೀರಾತು, ಇನ್ಶೂರೆನ್ಸ್ ಜಾಹೀರಾತು, ಎಲ್ಲದರಲ್ಲೂ ಅವರ ಪಾತ್ರಗಳು. ಇದನ್ನು ಟೀಕಿಸಿದವರೂ ಇದ್ದರು. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಬರೆದ ಬಿಲ್ ವಾಟರ್‌ಸನ್ ತಮ್ಮ ಪಾತ್ರಗಳ ಒಂದು ಗೊಂಬೆ ಮಾರೋಕೂ ಒಪ್ಪಲಿಲ್ಲ. ಹತ್ತು ವರ್ಷ ಬರೆದು, 1995ರ ಡಿಸೆಂಬರ್ 31ಕ್ಕೆ ನಿಲ್ಲಿಸಿ ಮನೆಗೆ ಹೋದರು. ಅದೂ ಒಂದು ದಾರಿ, ಅದಕ್ಕೂ ನನ್ನ ನಮಸ್ಕಾರ ಇದೆ. ಶುಲ್ಜ್ ಗೊಂಬೆಗಳನ್ನು ಬೇರೆಯವರಿಗೆ ಬಿಟ್ಟರು, ಸ್ಟ್ರಿಪ್ ಮಾತ್ರ ಬಿಡಲಿಲ್ಲ. ದುಡ್ಡು ಬಂದ ಮೇಲೂ ಬೆಳಿಗ್ಗೆ ಎದ್ದು ಅದೇ ಮೇಜಿಗೆ ಹೋಗಿ ಕೂತರು.

ಒಂದೇ ಕೈಯ ಕೆಲಸ ಆಗಿದ್ದರಿಂದ ಏನು ಲಾಭ ಅನ್ನೋದಕ್ಕೆ 1968ರ ಘಟನೆ ನೋಡಿ. ಆ ವರ್ಷ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಲಾಸ್ ಏಂಜಲೀಸಿನ ಶಿಕ್ಷಕಿ ಹ್ಯಾರಿಯೆಟ್ ಗ್ಲಿಕ್‌ಮನ್ ಅವರು ಶುಲ್ಜ್‌ಗೆ ಪತ್ರ ಬರೆದು, ನಿಮ್ಮ ಮಕ್ಕಳ ಗುಂಪಿಗೆ ಒಬ್ಬ ಕಪ್ಪು ಮಗುವನ್ನು ಸೇರಿಸಬಾರದೇ ಅಂತ ಕೇಳಿದರು. ಶುಲ್ಜ್ ಮೊದಲು ಹಿಂಜರಿದರು. ನಾವು ಮೇಲೆ ನಿಂತು ಕರುಣೆ ತೋರಿಸಿದ ಹಾಗೆ ಆಗಬಹುದೇ ಅನ್ನುವ ಅಳುಕು. ಪತ್ರ ವ್ಯವಹಾರ ಮುಂದುವರಿಯಿತು. ಜುಲೈ 31ರ ಸ್ಟ್ರಿಪ್‌ನಲ್ಲಿ ಸಮುದ್ರ ತೀರದಲ್ಲಿ ಕಳೆದುಹೋದ ಚೆಂಡನ್ನು ಚಾರ್ಲಿ ಬ್ರೌನ್‌ಗೆ ತಂದುಕೊಡುವ ಹುಡುಗನಾಗಿ ಫ್ರಾಂಕ್ಲಿನ್ ಬಂದ. ಇಬ್ಬರೂ ಸೇರಿ ಮರಳಿನ ಕೋಟೆ ಕಟ್ಟಿದರು, ಅಷ್ಟೇ. ಮುಂದೆ ಫ್ರಾಂಕ್ಲಿನ್ ಬಿಳಿ ಮಕ್ಕಳ ಜೊತೆ ಒಂದೇ ತರಗತಿಯಲ್ಲಿ ಕೂತಾಗ ಆಕ್ಷೇಪ ಬಂತು. ಸಿಂಡಿಕೇಟ್ ಕಡೆಯಿಂದಲೂ ಬದಲಾಯಿಸುವ ಮಾತು ಬಂದಾಗ, ನಾನು ಬರೆದ ಹಾಗೇ ಹಾಕಿ, ಇಲ್ಲಾಂದ್ರೆ ಬಿಟ್ಟುಬಿಡ್ತೀನಿ ಅಂದರಂತೆ ಶುಲ್ಜ್. ಫ್ರಾಂಕ್ಲಿನ್ ಉಳಿದವರಷ್ಟು ರಂಗಿನ ಪಾತ್ರವಾಗಿ ಬೆಳೆಯಲಿಲ್ಲ ಅನ್ನುವ ದೂರು ಇದೆ, ಅದು ನಿಜವೂ ಹೌದು. ಆದರೆ ಹತ್ತು ಜನ ಸೇರಿ ಬರೆಯುವ ಸ್ಟ್ರಿಪ್ ಆಗಿದ್ದರೆ ಆ ಮಾತನ್ನು ಹೇಳೋಕೆ ಯಾರೂ ಇರುತ್ತಿರಲಿಲ್ಲ.

1981ರಲ್ಲಿ ಹೃದಯದ ಬೈಪಾಸ್ ಆಪರೇಷನ್ ಆಯಿತು. ಆ ನಂತರದ ವರ್ಷಗಳಲ್ಲಿ ಅವರ ಕೈ ನಡುಗೋಕೆ ಶುರುವಾಯಿತು. ಅರವತ್ತರ ದಶಕದ ಸ್ಟ್ರಿಪ್ ಒಂದನ್ನು ತೊಂಬತ್ತರ ದಶಕದ ಸ್ಟ್ರಿಪ್ ಪಕ್ಕ ಇಟ್ಟು ನೋಡಿ. ಮೊದಲಿನದರಲ್ಲಿ ಚಾರ್ಲಿ ಬ್ರೌನ್ ತಲೆ ಒಂದೇ ಉಸಿರಿಗೆ ಸುತ್ತಿದ ಹಾಗಿದೆ. ಎರಡನೆಯದರಲ್ಲಿ ಗೆರೆ ಸಣ್ಣಗೆ ಅಲುಗುತ್ತೆ, ಗೋಡೆ, ನೆಲ, ಹುಲ್ಲು ಎಲ್ಲ ಸ್ವಲ್ಪ ಕಂಪಿಸುತ್ತವೆ. ಹಲವರು ಅದನ್ನೇ ಶೈಲಿ ಅಂದುಕೊಂಡರು. ಗೆರೆ ಹಾಕೋಕೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲವೇ? ಧಾರಾಳವಾಗಿತ್ತು. ಆದರೂ ನಡುಗುವ ಕೈಯಲ್ಲೇ ಬರೆದರು. ಓದುಗರಿಗೆ ಗೊತ್ತಾಗಲಿ ಬಿಡಲಿ, ಅವರು ದಿನಾ ನೋಡುತ್ತಿದ್ದದ್ದು ಒಬ್ಬ ಮನುಷ್ಯ ಮುದುಕನಾಗುವುದನ್ನು.

1999ರ ನವೆಂಬರ್‌ನಲ್ಲಿ ಪಾರ್ಶ್ವವಾಯು ಬಡಿಯಿತು, ಕರುಳಿನ ಕ್ಯಾನ್ಸರ್ ಇರೋದೂ ಗೊತ್ತಾಯಿತು. ಓದೋಕೆ, ಮಾತು ನೆನಪಿಸಿಕೊಳ್ಳೋಕೆ ಕಷ್ಟವಾಯಿತು. ಡಿಸೆಂಬರ್ 14ರಂದು ನಿವೃತ್ತಿ ಘೋಷಿಸಿದರು. ಆ ದಿನಗಳ ಒಂದು ಟಿವಿ ಸಂದರ್ಶನದಲ್ಲಿ, ಪಾಪ, ಆ ಹುಡುಗ ಕೊನೆಗೂ ಚೆಂಡು ಒದೆಯಲೇ ಇಲ್ಲವಲ್ಲ ಅಂತ ನೆನೆದು ಕಣ್ಣೀರು ಹಾಕಿದರು. ಒದೆಸುವುದು ಅವರ ಕೈಯಲ್ಲೇ ಇತ್ತಲ್ಲ! ಒಂದು ಗೆರೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೂ ಐವತ್ತು ವರ್ಷ ಹಾಕಲಿಲ್ಲ. ಯಾಕಂದ್ರೆ ಹಾಕಿದ್ದರೆ ಅದು ಸುಳ್ಳಾಗುತ್ತಿತ್ತು. ಅವರಿಗೆ ಗೊತ್ತಿದ್ದ ಬದುಕಿನಲ್ಲಿ ಚೆಂಡು ಯಾವಾಗಲೂ ಕೊನೇ ಕ್ಷಣಕ್ಕೆ ಸರಿಯುತ್ತಿತ್ತು.

ಕೊನೆಯ ದಿನದ ಸ್ಟ್ರಿಪ್ 2000ದ ಜನವರಿ 3ರಂದು ಬಂತು. ಮುಂಚೆಯೇ ಬರೆದಿಟ್ಟಿದ್ದ ಭಾನುವಾರದ ಕಂತುಗಳು ಮಾತ್ರ ಬಾಕಿ. ಅವುಗಳಲ್ಲಿ ಕೊನೆಯದು, ಓದುಗರಿಗೆ ವಿದಾಯ ಹೇಳುವ ಕಂತು, ಫೆಬ್ರವರಿ 13ಕ್ಕೆ ನಿಗದಿಯಾಗಿತ್ತು. 12ರ ರಾತ್ರಿ ಶುಲ್ಜ್ ಸಾಂಟಾ ರೋಸಾದ ಮನೆಯಲ್ಲಿ ತೀರಿಕೊಂಡರು. ಬೆಳಿಗ್ಗೆ ಜನ ಪೇಪರ್ ಬಿಡಿಸಿದಾಗ ವಿದಾಯದ ಪತ್ರ ಕೈಯಲ್ಲಿತ್ತು, ಬರೆದವರು ಇರಲಿಲ್ಲ. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ಸಂಪಾದಕರು ‘ಅತಿಯಾಯ್ತು’ ಅಂತ ಹೊಡೆದು ಹಾಕುತ್ತಿದ್ದರು.

ಈಗ ನನ್ನ ಕಸುಬಿನ ಒಂದು ಮಾತು. ನಾನು ಸಾಫ್ಟ್‌ವೇರ್ ಬರೆಯುವವನು. ನಮ್ಮಲ್ಲಿ ‘ಬಸ್ ಫ್ಯಾಕ್ಟರ್’ ಅಂತ ಒಂದು ಲೆಕ್ಕ ಇದೆ. ಟೀಮಿನಲ್ಲಿ ಎಷ್ಟು ಜನಕ್ಕೆ ಬಸ್ಸು ಗುದ್ದಿದರೆ ಪ್ರಾಜೆಕ್ಟ್ ನಿಂತುಹೋಗುತ್ತೆ ಅನ್ನುವ ಲೆಕ್ಕ. ಕೇಳೋಕೆ ಕೆಟ್ಟದಾಗಿದೆ, ಆದರೆ ಉದ್ದೇಶ ಒಳ್ಳೆಯದೇ. ಒಬ್ಬರ ಮೇಲೇ ಎಲ್ಲ ನಿಂತಿರಬಾರದು. ಹಾಗಾಗಿ ಎಲ್ಲವನ್ನೂ ಬರೆದಿಡಬೇಕು, ಕೆಲಸ ಬಿಡುವ ಮುಂಚೆ ಬಂದವರಿಗೆ ಕೂತು ಹೇಳಿಕೊಡಬೇಕು. ಬ್ಯಾಂಕಿನ ಆ್ಯಪ್, ಆಸ್ಪತ್ರೆಯ ಮೆಷಿನ್ನಿಗೆಲ್ಲ ಇದು ಬೇಕೇ ಬೇಕು. ಯಾರೋ ರಾಜೀನಾಮೆ ಕೊಟ್ಟರು ಅಂತ ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳಬಾರದಲ್ಲ.

ಕಾಮಿಕ್ ಸ್ಟ್ರಿಪ್‌ಗಳೂ ಹೆಚ್ಚಾಗಿ ಇದೇ ದಾರಿ ಹಿಡಿದಿವೆ. ‘ಬ್ಲಾಂಡಿ’ ಬರೆದ ಚಿಕ್ ಯಂಗ್ 1973ರಲ್ಲಿ ತೀರಿಕೊಂಡ ಮೇಲೆ ಮಗ ಅದನ್ನು ಮುಂದುವರಿಸಿದರು. ‘ಗಾರ್‌ಫೀಲ್ಡ್’ ಬೆಕ್ಕಿಗೆ ಒಂದು ತಂಡವೇ ಇತ್ತು. ಅದರಲ್ಲಿ ತಪ್ಪೇನೂ ಇಲ್ಲ. ಪೀನಟ್ಸ್‌ಗೂ ಆರಾಮಾಗಿ ಹಾಗೆ ಮಾಡಬಹುದಿತ್ತು. ಸಿನಿಮಾ ಬಂದಿದೆ, 2015ರ ಚಿತ್ರದ ಬರವಣಿಗೆಯಲ್ಲಿ ಮಗ, ಮೊಮ್ಮಗ ಇದ್ದರು. ಆದರೆ ಪತ್ರಿಕೆಗೆ ಹೊಸ ಸ್ಟ್ರಿಪ್ ಒಂದೂ ಬರಲಿಲ್ಲ. ಮನೆಯವರು ಮಾತು ಉಳಿಸಿಕೊಂಡರು. ಇವತ್ತಿಗೂ ಎಷ್ಟೋ ಪತ್ರಿಕೆಗಳು ಹಾಕುತ್ತಿರುವುದು ಹಳೆಯ ಕಂತುಗಳನ್ನೇ, ಅದೇ ಕೈ ಬರೆದದ್ದನ್ನು.

ನಮ್ಮ ಮನೆಗಳಲ್ಲಿ ‘ಕೈರುಚಿ’ ಅಂತೀವಲ್ಲ, ಅದು ಇದೇ ಇರಬೇಕು. ಸಾರಿನ ಅಳತೆ ಬರೆದುಕೊಳ್ಳಬಹುದು, ಹುಳಿ ಎಷ್ಟು, ಮೆಣಸು ಎಷ್ಟು ಅಂತ ವಿಡಿಯೋ ಮಾಡಿಟ್ಟುಕೊಳ್ಳಬಹುದು. ಸಾರು ಚೆನ್ನಾಗಿಯೇ ಆಗುತ್ತೆ. ಊಟಕ್ಕೆ ಕೂತಾಗ ಮಾತ್ರ ಯಾರಾದರೂ ಒಬ್ಬರು ‘ಚೆನ್ನಾಗಿದೆ, ಆದ್ರೆ ಅಜ್ಜಿದಲ್ಲ’ ಅಂದೇ ಅಂತಾರೆ. ಬೇಸರ ಮಾಡಿಕೊಳ್ಳಬೇಡಿ. ಅದು ಅಡುಗೆಯ ಮೇಲಿನ ದೂರಲ್ಲ, ಅಜ್ಜಿ ಇದ್ದರು ಅನ್ನೋದಕ್ಕೆ ಸಾಕ್ಷಿ. ಈಗ ಕಂಪ್ಯೂಟರಿಗೆ ಒಂದು ಸಾಲು ಹೇಳಿದರೆ ಶುಲ್ಜ್ ಶೈಲಿಯ ಚಿತ್ರ ಕ್ಷಣದಲ್ಲಿ ಬರುತ್ತೆ, ನಡುಗಿದ ಗೆರೆ ಸಮೇತ. ನಡುಗೋಕೆ ಕಾರಣ ಮಾತ್ರ ಅದಕ್ಕೆ ಇರಲ್ಲ.

ಆಫೀಸಿನ ಕೆಲಸವನ್ನೆಲ್ಲ ಬರೆದಿಟ್ಟು, ಹೇಳಿಕೊಟ್ಟು ಹೋಗೋಣ, ಅದು ನಮ್ಮ ಧರ್ಮ. ಅದರ ಜೊತೆಗೆ ಯಾರಿಗೂ ವಹಿಸಿಕೊಡಲಾಗದ ಒಂದಾದರೂ ಕೆಲಸ ನಮ್ಮ ಕೈಯಲ್ಲಿರಲಿ. ಚಿತ್ರವೋ, ರಂಗೋಲಿಯೋ, ಮಗುವಿಗೆ ದಿನಾ ರಾತ್ರಿ ಕಟ್ಟಿ ಹೇಳುವ ಕಥೆಯೋ, ಏನೋ ಒಂದು. ಚೆನ್ನಾಗಿ ಬರದ ದಿನವೂ ಮಾಡೋಣ. ಪೀನಟ್ಸ್ ಓದಿಲ್ಲದವರು ಈ ವಾರ ನಾಲ್ಕೈದು ಹುಡುಕಿ ಓದಿ, ಸಾಧ್ಯವಾದರೆ ಹಳೆಯದೊಂದು, ಕೊನೆಯ ವರ್ಷಗಳದ್ದೊಂದು. ಮೊದಲು ನಗು ಬರುತ್ತೆ. ಆಮೇಲೆ ಗೆರೆಗಳನ್ನು ನೋಡಿ.